ಅಟ್ಟದ ಅಡಿಕೆಯೂ ಬೀರುವಿನ ಹಳೆಯ ಫೋನೂ



ಬೆಳೆದ ಮಾಲನ್ನು ಕೂಡಲೇ ಮಾರದೆ ತಡೆದಿಡುವುದು ತೋಟಗಾರರಾದ ನಮಗೆ ಹಿರಿಯರಿಂದ ಬಂದ ಬುದ್ಧಿ. ದರ ಕುಸಿದಾಗ ಅಡಿಕೆಯನ್ನು ಚೀಲ ಕಟ್ಟಿ ಅಟ್ಟಕ್ಕೆ ಏರಿಸುತ್ತೇವೆ. ಚೆನ್ನಾಗಿ ಒಣಗಿದ ಕಾಳುಮೆಣಸು ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಕರಾವಳಿಯ ಚಾಲಿ ಅಡಿಕೆಗಂತೂ ಹೊಸದಕ್ಕಿಂತ ಹಳೆಯದಕ್ಕೇ ಪೇಟೆಯಲ್ಲಿ ಸಾಮಾನ್ಯವಾಗಿ ಹೆಚ್ಚಿನ ಬೆಲೆ. ಈ ಅಭ್ಯಾಸದ ಬಲದಿಂದ ಎಷ್ಟೋ ಕುಟುಂಬಗಳು ಕೆಟ್ಟ ವರ್ಷಗಳನ್ನು ದಾಟಿ ಬಂದಿವೆ. ಆದರೆ ಇದೇ ಅಭ್ಯಾಸವು ಈಗ ಹಳೆಯ ಸ್ಮಾರ್ಟ್‌ಫೋನಿಗೂ ಅಂಟಿಕೊಂಡಿದೆ. ಅಲ್ಲಿ ಅದು ನಷ್ಟದ ಬಾಬ್ತು. ಎಚ್ಚರ ತಪ್ಪಿದರೆ ಅಪಾಯದ ಬಾಬ್ತೂ ಹೌದು.

ಮನೆಗೆ ಹೊಸ ಫೋನು ಬಂದಾಗ ಹಳೆಯದಕ್ಕೆ ನಮ್ಮ ಕಡೆ ಮೂರು ಗತಿ. ಒಂದು, ಬೀರುವಿನ ಮೂಲೆ. ಎರಡು, ಮನೆ ಬಾಗಿಲಿಗೆ ಬರುವ ಪಾತ್ರೆ ವ್ಯಾಪಾರಿಯ ಚೀಲ. ಮೂರು, ತೋಟದ ಕಸದ ಗುಂಡಿ. ಈ ಮೂರೂ ಸರಿಯಾದ ದಾರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ನಡೆಯುವ ಫೋನನ್ನು ತಡಮಾಡದೆ, ಒಳಗಿನ ವಿವರಗಳನ್ನೆಲ್ಲ ಅಳಿಸಿ, ಕಾಗದದ ದಾಖಲೆಯೊಡನೆ ಕೈಬದಲು ಮಾಡಬೇಕು. ನಡೆಯದ ಫೋನನ್ನು ನೋಂದಾಯಿತ ಮರುಬಳಕೆ ಘಟಕಕ್ಕೇ ಮುಟ್ಟಿಸಬೇಕು. ಮೊದಲನೆಯದನ್ನು ಪ್ರತಿಯೊಬ್ಬ ಸದಸ್ಯರೂ ಸ್ವತಃ ಮಾಡಬಲ್ಲರು. ಎರಡನೆಯದು ಸಣ್ಣ ಹಿಡುವಳಿದಾರನೊಬ್ಬನಿಂದ ಆಗುವ ಕೆಲಸವಲ್ಲ. ಅದನ್ನು ಸಹಕಾರ ಸಂಘವೇ ಕೈಗೆತ್ತಿಕೊಳ್ಳಬೇಕು. ಇದಿಷ್ಟನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಬೀರುವಿನ ದಾಸ್ತಾನು

ಫೋನಿನ ಬೆಲೆ ಏರುವುದಿಲ್ಲ. ತಿಂಗಳು ತಿಂಗಳೂ ಇಳಿಯುತ್ತದೆ. ಹೊಸ ಮಾದರಿಗಳು ಬಂದಂತೆ ಹಳೆಯದನ್ನು ಕೇಳುವವರಿಲ್ಲ. ಕೆಲವು ವರ್ಷಗಳಾದ ಮೇಲೆ ಕಂಪನಿಯು ಆ ಮಾದರಿಗೆ ಸುರಕ್ಷತಾ ಅಪ್‌ಡೇಟ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಅನಂತರ ಅದು ನಡೆಯುವ ಸ್ಥಿತಿಯಲ್ಲಿದ್ದರೂ ಬ್ಯಾಂಕ್ ವ್ಯವಹಾರಕ್ಕೆ ಯೋಗ್ಯವಲ್ಲ. ಆದುದರಿಂದ ಮಾರುವ ಮನಸ್ಸಿದ್ದವರು ಹೊಸ ಫೋನು ಕೊಂಡ ತಿಂಗಳಲ್ಲೇ ಹಳೆಯದನ್ನು ಮಾರತಕ್ಕದ್ದು. ಎರಡು ಮಳೆಗಾಲ ಕಳೆದ ಮೇಲೆ ಬೀರುವಿನಿಂದ ತೆಗೆದರೆ ಸಿಗುವುದು ಗುಜರಿ ಬೆಲೆ ಮಾತ್ರ.

ಇಟ್ಟಲ್ಲೇ ಇದ್ದರೆ ತೊಂದರೆಯೇನು ಎಂದು ಕೇಳಬಹುದು. ತೊಂದರೆ ಬ್ಯಾಟರಿಯಲ್ಲಿದೆ. ಈ ಫೋನುಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಅದು ಹಳತಾದಂತೆ, ಬಿಸಿಯಾದ ಜಾಗದಲ್ಲಿದ್ದರೆ ಇನ್ನೂ ಬೇಗ, ಒಳಗೆ ಅನಿಲ ಸೇರಿ ಉಬ್ಬುವುದುಂಟು. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ ಅಥವಾ ಚಾರ್ಜಿಗೆ ಹಾಕಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. ಒಲೆಯ ಮೇಲಿನ ಅಟ್ಟದಲ್ಲಿ, ಗೋಣಿ ಚೀಲಗಳ ನಡುವೆ, ಒಣ ಹಾಳೆಯ ರಾಶಿಯ ಪಕ್ಕದಲ್ಲಿ ಹಳೆಯ ಫೋನುಗಳನ್ನು ಇಡುವುದು ಸರ್ವಥಾ ಕೂಡದು. ಹಿಂಭಾಗದ ಮುಚ್ಚಳ ಎದ್ದು ನಿಂತಿರುವುದು ಅಥವಾ ಪರದೆ ಅಂಚಿನಲ್ಲಿ ಬಿಟ್ಟುಕೊಂಡಿರುವುದು ಬ್ಯಾಟರಿ ಉಬ್ಬಿದ ಗುರುತು. ಅಂಥದನ್ನು ಕಂಡರೆ ಚಾರ್ಜು ಮಾಡದೆ, ಬಿಚ್ಚಲು ಹೋಗದೆ, ಒಣ ಮರಳು ಹಾಕಿದ ಡಬ್ಬದಲ್ಲಿ ಮನೆಯಿಂದ ದೂರ ಇಟ್ಟು, ಆದಷ್ಟು ಬೇಗ ಸಾಗಹಾಕಬೇಕು.

ಒಂದು ಬಕೆಟ್ಟಿನ ಬೆಲೆ

ಹಳೆಯ ಮೊಬೈಲು ಕೊಟ್ಟರೆ ಪ್ಲಾಸ್ಟಿಕ್ ಬಕೆಟ್ಟು, ಡಬ್ಬ, ಪಾತ್ರೆ ಕೊಡುವ ವ್ಯಾಪಾರಿಗಳು ಹಳ್ಳಿಗಳಲ್ಲಿ ತಿರುಗುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಇವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬಂದ ಬಡವರು. ಅವರ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಆದರೆ ಆ ಚೀಲದಲ್ಲಿ ಬಿದ್ದ ಫೋನು ಅನಂತರ ಎಲ್ಲಿಗೆ ಹೋಗುತ್ತದೆಂಬುದು ಕೊಟ್ಟವರಿಗೂ ತಿಳಿಯದು, ಬಹುಮಟ್ಟಿಗೆ ಒಯ್ದವರಿಗೂ ತಿಳಿಯದು.

2024ರ ಆಗಸ್ಟಿನಲ್ಲಿ ತೆಲಂಗಾಣದ ರಾಮಗುಂಡಂ ಪೊಲೀಸರು ಇದೇ ಬಗೆಯ ವ್ಯಾಪಾರ ನಡೆಸುತ್ತಿದ್ದ ಮೂವರನ್ನು ಬಂಧಿಸಿ, ಗೋಣಿ ಚೀಲಗಳಲ್ಲಿ ತುಂಬಿದ್ದ ಸುಮಾರು 4,000 ಹಳೆಯ ಮೊಬೈಲುಗಳನ್ನು ವಶಪಡಿಸಿಕೊಂಡರು. ಅವನ್ನು ಸೈಬರ್ ವಂಚಕರಿಗೆ ಒದಗಿಸಲು ಸಂಗ್ರಹಿಸಲಾಗಿತ್ತು ಎಂಬುದು ಪೊಲೀಸರ ಹೇಳಿಕೆ. ಪ್ರತಿಯೊಂದು ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. ಆ ಫೋನಿನಿಂದ ನಾಳೆ ಯಾರೋ ಯಾರಿಗೋ ಮೋಸ ಮಾಡಿದರೆ, ಪೊಲೀಸರ ಹುಡುಕಾಟ ಆ ಸಂಖ್ಯೆಯ ಜಾಡು ಹಿಡಿದು ಮೊದಲು ಕೊಂಡವರ ಮನೆಗೆ ಬಂದರೆ ಆಶ್ಚರ್ಯವಿಲ್ಲ. ಆಗ ಫೋನನ್ನು ಬಕೆಟ್ಟಿಗೆ ಕೊಟ್ಟೆವೆಂಬ ಮಾತಿಗೆ ಪುರಾವೆ ಎಲ್ಲಿಯದು?

ಇಂದು ಸಣ್ಣ ಬೆಳೆಗಾರರ ಫೋನಿನಲ್ಲಿ ಏನೆಲ್ಲ ಅಡಗಿದೆ ಎಂಬುದನ್ನು ಎಣಿಸಿ ನೋಡಿ. ಬ್ಯಾಂಕಿನ ಆ್ಯಪು, ಯುಪಿಐ, ಆಧಾರ್ ಕಾರ್ಡಿನ ಮತ್ತು ಪಹಣಿಯ ಫೋಟೋ, ಬೆಳೆ ಸಮೀಕ್ಷೆಯ ಚಿತ್ರಗಳು, ಸಂಘದಿಂದ ಬಂದ ಪಾವತಿಯ ಸಂದೇಶ, ಹೆಂಗಸರು ಮಕ್ಕಳ ಫೋಟೋಗಳು. ಹಿಂದೆ ಇವೆಲ್ಲ ಟ್ರಂಕಿನಲ್ಲಿ ಬೀಗದೊಳಗೆ ಇರುತ್ತಿದ್ದವು. ಆ ಟ್ರಂಕನ್ನು ಬೀಗದ ಕೈ ಸಮೇತ ಯಾರೂ ಬೀದಿಯ ವ್ಯಾಪಾರಿಗೆ ಕೊಡುತ್ತಿರಲಿಲ್ಲ. ಫೋನು ಸತ್ತಿದೆ, ಪರದೆ ಒಡೆದಿದೆ, ಇನ್ನೇನು ಭಯ ಎಂದು ತಿಳಿಯುವುದೂ ಸರಿಯಲ್ಲ. ಪರದೆ ಒಡೆದರೂ ಒಳಗಿನ ಮೆಮೊರಿ ಚಿಪ್ಪು ಹಾಗೆಯೇ ಇರುತ್ತದೆ. ಬಲ್ಲವರು ಪರದೆ ಬದಲಾಯಿಸಿ ಫೋನನ್ನು ಎಬ್ಬಿಸಬಹುದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಬೇರೆಯವರಿಗಿಂತ ಅಡಿಕೆ ಬೆಳೆಯುವ ನಾವು ಹೆಚ್ಚು ಬಲ್ಲೆವು.

ನಡೆಯುವ ಫೋನಾದರೆ

ಒಂದು ಸ್ಮಾರ್ಟ್‌ಫೋನು ತನ್ನ ಆಯುಷ್ಯದಲ್ಲಿ ಪರಿಸರಕ್ಕೆ ಹೊರಿಸುವ ಭಾರದ ಬಹುಪಾಲು ಅದನ್ನು ತಯಾರಿಸುವಾಗಲೇ ಮುಗಿದಿರುತ್ತದೆ. ಆದುದರಿಂದ ನಡೆಯುವ ಫೋನು ಇನ್ನೂ ಎರಡು ವರ್ಷ ಮತ್ತೊಬ್ಬರ ಕೈಯಲ್ಲಿ ದುಡಿಯುವುದು ಎಲ್ಲಕ್ಕಿಂತ ಉತ್ತಮ ವಿಲೇವಾರಿ. ಬ್ಯಾಟರಿ ಮಾತ್ರ ಸೋತಿದ್ದರೆ ಹೊಸ ಬ್ಯಾಟರಿ ಹಾಕಿಸಿ ನಾವೇ ಬಳಸಬಹುದು. ಮಾರುವುದಾಗಲಿ, ಅಂಗಡಿಯಲ್ಲಿ ವಿನಿಮಯ ಮಾಡುವುದಾಗಲಿ, ತೋಟದ ಲೈನ್ ಮನೆಯ ಕೆಲಸಗಾರರ ಮಕ್ಕಳಿಗೆ ಕೊಡುವುದಾಗಲಿ, ಮೊದಲು ಈ ಕೆಳಗಿನ ಕ್ರಮವನ್ನು ಅನುಸರಿಸಬೇಕು.

1. ಫೋಟೋ, ದೂರವಾಣಿ ಸಂಖ್ಯೆ, ವಾಟ್ಸಾಪ್ ಸಂಭಾಷಣೆಗಳನ್ನು ಹೊಸ ಫೋನಿಗೆ ವರ್ಗಾಯಿಸಿಕೊಂಡು, ಎಲ್ಲವೂ ಬಂದಿದೆಯೇ ಎಂದು ತೆರೆದು ನೋಡಬೇಕು.

2. ಬ್ಯಾಂಕಿನ ಆ್ಯಪು ಮತ್ತು ಯುಪಿಐಯನ್ನು ಹೊಸ ಫೋನಿನಲ್ಲಿ ನೋಂದಾಯಿಸಿ, ಹಳೆಯದರಲ್ಲಿ ನೋಂದಣಿಯನ್ನು ರದ್ದು ಮಾಡಬೇಕು. ಆ್ಯಪನ್ನು ಅಳಿಸಿದ ಮಾತ್ರಕ್ಕೆ ನೋಂದಣಿ ರದ್ದಾಯಿತೆಂದು ತಿಳಿಯಬಾರದು.

3. ಗೂಗಲ್ ಖಾತೆಯಿಂದ, ಆ್ಯಪಲ್ ಫೋನಾದರೆ ಐಕ್ಲೌಡ್ ಖಾತೆಯಿಂದ, ಹೊರಬರಬೇಕು. ಇದನ್ನು ಬಿಟ್ಟರೆ ಕೊಂಡವರ ಕೈಯಲ್ಲಿ ಫೋನು ನಮ್ಮ ಗುಪ್ತಪದವನ್ನೇ ಕೇಳುತ್ತ ನಿಂತುಬಿಡಬಹುದು.

4. ಅನಂತರ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಬೇಕು. ಒಂದೊಂದೇ ಫೋಟೋ ಡಿಲೀಟ್ ಮಾಡುವುದು ಇದಕ್ಕೆ ಬದಲಿಯಲ್ಲ.

5. ಸಿಮ್ಮು ಮತ್ತು ಮೆಮೊರಿ ಕಾರ್ಡನ್ನು ಮರೆಯದೆ ತೆಗೆದಿಟ್ಟುಕೊಳ್ಳಬೇಕು.

6. *#06# ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನು ಬರೆದುಕೊಂಡು, ಕೊಂಡವರ ಹೆಸರು, ವಿಳಾಸ, ತಾರೀಕು, ಸಹಿಯೊಡನೆ ಒಂದು ಚೀಟಿ ಮಾಡಿಸಿ, ಹಳೆಯ ಬಿಲ್ಲಿನ ಜೊತೆ ಇಟ್ಟುಕೊಳ್ಳಬೇಕು.

ಕೊನೆಯ ಈ ಚೀಟಿಯ ವಿಷಯದಲ್ಲಿ ನಮ್ಮವರಿಗೆ ಸಂಕೋಚ ಹೆಚ್ಚು. ಪರಿಚಯದವರಿಗೆ ಕೊಡುವಾಗ ರಶೀದಿ ಕೇಳುವುದು ಹೇಗೆ ಎನ್ನುತ್ತಾರೆ. ನಾವು ಸಂಘಕ್ಕೆ ಹತ್ತು ಕಿಲೋ ಅಡಿಕೆ ಹಾಕಿದರೂ ತೂಕದ ಚೀಟಿ ಪಡೆಯುತ್ತೇವೆ. ಅದು ಅವಿಶ್ವಾಸವಲ್ಲ, ವ್ಯವಹಾರದ ಶಿಸ್ತು. ಹಳೆಯ ಫೋನು ಕೊಳ್ಳುವವರೂ ಇಂಥದೇ ಶಿಸ್ತು ಇಟ್ಟುಕೊಳ್ಳಲಿ. ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಲ್ಲಿ ಸಂಚಾರ ಸಾಥಿ ಎಂಬ ಸೇವೆ ಆರಂಭಿಸಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆ, ವೈ, ಎಂ ಎಂದು ಒತ್ತಿ, ಒಂದು ಜಾಗ ಬಿಟ್ಟು, ಫೋನಿನ 15 ಅಂಕಿಗಳ ಐಎಂಇಐ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ಸಂಖ್ಯೆ ಸಾಚಾ ಹೌದೋ ಅಲ್ಲವೋ ತಿಳಿಯುತ್ತದೆ. ಕಳವಾದ ಫೋನನ್ನು ತಡೆಹಿಡಿಯುವ ಏರ್ಪಾಡೂ ಅದೇ ಸೇವೆಯಲ್ಲಿದೆ.

ಕೆಲಸಗಾರರಿಗೆ ಫೋನು ಕೊಡುವಾಗ ಇನ್ನೊಂದು ಮಾತು. ಬ್ಯಾಟರಿ ಉಬ್ಬಿದ, ಚಾರ್ಜಿಗೆ ಹಾಕಿದರೆ ಕಾಯುವ ಫೋನನ್ನು ದಾನವೆಂದು ಕೊಡಬಾರದು. ನಮ್ಮ ಮನೆಗೆ ಆಗದ ಅಪಾಯ ಲೈನ್ ಮನೆಗೂ ಆಗದು. ಅಪ್‌ಡೇಟ್ ನಿಂತ ಫೋನಾದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ಬೇಡವೆಂದು ತಿಳಿಸಿ ಹೇಳುವುದೂ ಕೊಟ್ಟವರ ಕರ್ತವ್ಯ.

ನಡೆಯದ ಫೋನಾದರೆ

ಕೆಟ್ಟು ನಿಂತ ಫೋನಿನೊಳಗೆ ತಾಮ್ರ, ಬೆಳ್ಳಿ, ಚಿನ್ನ, ಪಲ್ಲೇಡಿಯಂ ಇವೆ. ಬ್ಯಾಟರಿಯಲ್ಲಿ ಲಿಥಿಯಂ, ಹೆಚ್ಚಿನವುಗಳಲ್ಲಿ ಕೋಬಾಲ್ಟ್ ಇವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ ಹತ್ತು ಲಕ್ಷ ಮೊಬೈಲುಗಳಿಂದ ಸುಮಾರು 16 ಟನ್ ತಾಮ್ರ, 350 ಕಿಲೋ ಬೆಳ್ಳಿ, 34 ಕಿಲೋ ಚಿನ್ನ ಮತ್ತು 15 ಕಿಲೋ ಪಲ್ಲೇಡಿಯಂ ಹಿಂಪಡೆಯಬಹುದು. ಅಂದರೆ ಒಂದು ಫೋನಿನಲ್ಲಿ ಸರಾಸರಿ 16 ಗ್ರಾಂ ತಾಮ್ರ. ಬೋರ್ಡೋ ಮಿಶ್ರಣ ಮಾಡುವ ನಮಗೆ ಇದು ಅರ್ಥವಾಗುವ ಲೆಕ್ಕ: 60 ಗ್ರಾಂಗಿಂತ ತುಸು ಹೆಚ್ಚು ಮೈಲುತುತ್ತದಲ್ಲಿ ಇರುವಷ್ಟು ತಾಮ್ರ ಅದು.

ಈ ಲೋಹಗಳನ್ನು ತೆಗೆಯುವ ರೀತಿಯಲ್ಲಿಯೇ ಎಲ್ಲ ವ್ಯತ್ಯಾಸವೂ ಇದೆ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮುರಾದಾಬಾದ್ ಮುಂತಾದೆಡೆ ಗುಜರಿಗೆ ಬಂದ ಸರ್ಕ್ಯೂಟ್ ಬೋರ್ಡುಗಳನ್ನು ಬಯಲಲ್ಲಿ ಸುಟ್ಟು, ಆಮ್ಲದಲ್ಲಿ ಅದ್ದಿ ಲೋಹ ತೆಗೆಯುವ ಕಸುಬು ಬಹಳ ವರ್ಷ ನಡೆದುಬಂದಿದೆ. ಸೀಸದ ಹೊಗೆ ಕುಡಿಯುವವರು ಅಲ್ಲಿಯ ಬಡ ಕೂಲಿಗಳು, ಹಲವು ಕಡೆ ಮಕ್ಕಳು ಕೂಡ. ಉಳಿದ ಆಮ್ಲ ನೆಲಕ್ಕೆ, ನದಿಗೆ. ಇನ್ನು ಫೋನನ್ನು ತೋಟದ ಗುಂಡಿಗೆ ಹಾಕಿದರೆ ಬ್ಯಾಟರಿ ಕೊಳೆತು ಒಳಗಿನದೆಲ್ಲ ನಮ್ಮದೇ ಮಣ್ಣಿಗೆ ಇಳಿಯುತ್ತದೆ; ಕಸದೊಡನೆ ಬೆಂಕಿ ಹಚ್ಚಿದರಂತೂ ಸಿಡಿದು ಗಾಯವಾದೀತು. ಕಾಫಿ ಪಲ್ಪಿಂಗ್ ಮಾಡಿದ ನೀರನ್ನು ಹಳ್ಳಕ್ಕೆ ಬಿಡಬಾರದೆಂಬುದನ್ನು ನಾವು ಒಪ್ಪಿಕೊಂಡಿದ್ದೇವೆ. ಕೆಳಗಿನ ಊರಿನವರೂ ಅದೇ ನೀರು ಕುಡಿಯುವವರೆಂಬ ತಿಳಿವಳಿಕೆ ಅದರ ಹಿಂದಿದೆ. ಹಳೆಯ ಫೋನಿಗೂ ಅದೇ ನ್ಯಾಯ ಸಲ್ಲಬೇಕು.

ಕಾಯಿದೆಯು ಈ ದಿಸೆಯಲ್ಲಿ ಸ್ಪಷ್ಟವಾಗಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ಹಳೆಯ ಸಾಮಗ್ರಿಯ ಮರುಬಳಕೆಯ ಹೊಣೆ ಅದನ್ನು ತಯಾರಿಸಿ ಮಾರಿದ ಕಂಪನಿಯ ಮೇಲಿದೆ. 2025-26ರ ಸಾಲಿಗೆ ಕಂಪನಿಗಳಿಗೆ ವಿಧಿಸಿದ ಗುರಿ ಶೇಕಡಾ 70. 2027-28ರಿಂದ ಅದು ಶೇಕಡಾ 80. ನೋಂದಾಯಿತ ಮರುಬಳಕೆದಾರರ ಪಟ್ಟಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಟಿಸುತ್ತದೆ. ದೇಶದಲ್ಲಿ ಮೊಟ್ಟಮೊದಲು ಪರವಾನಗಿ ಪಡೆದ ಘಟಕಗಳಲ್ಲಿ ಒಂದಾದ ಇ-ಪರಿಸರ ನಮ್ಮ ರಾಜ್ಯದ್ದೇ, ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿದೆ. ಹೀಗೆ ಕಾಯಿದೆಯೂ ಇದೆ, ಘಟಕವೂ ಇದೆ. ಆದರೂ ವಿಶ್ವಸಂಸ್ಥೆಯ ಸಂಸ್ಥೆಗಳ 2024ರ ವರದಿಯಂತೆ, 2022ರಲ್ಲಿ ಪ್ರಪಂಚದಲ್ಲಿ ಉಂಟಾದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಸಿದ ದಾಖಲೆ ಇರುವುದು ಶೇಕಡಾ 22.3ಕ್ಕೆ ಮಾತ್ರ. ಕೊಂಡಿ ತಪ್ಪಿರುವುದು ಮನೆಗೂ ಘಟಕಕ್ಕೂ ನಡುವೆ.

ಒಬ್ಬೊಬ್ಬರಿಂದ ಆಗದ ಕೆಲಸ

ಒಂದು ಕೆಟ್ಟ ಫೋನಿನಲ್ಲಿರುವ ಚಿನ್ನ 34 ಮಿಲಿಗ್ರಾಂ. ಅದನ್ನು ಹಿಡಿದುಕೊಂಡು ಎರಡು ಎಕರೆ ಅಡಿಕೆ, ಮೂರು ಎಕರೆ ಕಾಫಿ ಇರುವವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಲಿ ಎಂದರೆ ಅದು ಉಪದೇಶವೇ ಹೊರತು ಉಪಾಯವಲ್ಲ. ಆದರೆ ಸಾವಿರ ಸದಸ್ಯರಿರುವ ಸಂಘದಲ್ಲಿ ಮನೆಗೊಂದರಂತೆ ಕೂಡಿದರೆ, ಅದೇ ಲೆಕ್ಕದಲ್ಲಿ, 16 ಕಿಲೋ ತಾಮ್ರ, 350 ಗ್ರಾಂ ಬೆಳ್ಳಿ, 34 ಗ್ರಾಂ ಚಿನ್ನ. ನಾಲ್ಕು ಪವನಿಗೂ ಮಿಗಿಲು! ಇದನ್ನು ಒಯ್ಯಲು ಘಟಕದವರೇ ಗಾಡಿ ಕಳಿಸಲು ಒಪ್ಪಬಹುದು.

ಇದು ಕನಸಿನ ಮಾತಲ್ಲ. ಜಪಾನಿನವರು 2017ರ ಏಪ್ರಿಲಿನಿಂದ 2019ರ ಮಾರ್ಚಿಯವರೆಗೆ ಊರೂರಿನಲ್ಲಿ ಪೆಟ್ಟಿಗೆಗಳನ್ನಿಟ್ಟು ಸುಮಾರು 62 ಲಕ್ಷ ಮೊಬೈಲುಗಳನ್ನೂ ಇತರ ಸಣ್ಣ ಯಂತ್ರಗಳನ್ನೂ ಕೂಡಿಹಾಕಿದರು. ಅದರಿಂದ ಸುಮಾರು 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ದೊರೆತು, ಟೋಕಿಯೋ ಒಲಿಂಪಿಕ್ಸಿನ ಸುಮಾರು 5,000 ಪದಕಗಳೆಲ್ಲವೂ ಅದರಲ್ಲೇ ತಯಾರಾದವು. ಅಲ್ಲಿಯೂ ಪ್ರತಿಯೊಬ್ಬರು ಕೊಟ್ಟದ್ದು ಒಂದೋ ಎರಡೋ ಫೋನು.

ಕೂಡಿಹಾಕುವ ವಿದ್ಯೆಯನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 1970ರ ಆಸುಪಾಸಿನಲ್ಲಿ ಅಡಿಕೆ ಧಾರಣೆ ನೆಲಕಚ್ಚಿದಾಗ ಬೆಳೆಗಾರರು ಒಟ್ಟುಗೂಡಿ 1973ರಲ್ಲಿ ಕ್ಯಾಂಪ್ಕೋ ಸ್ಥಾಪಿಸಿದರು. ಒಬ್ಬನ ಒಂದು ಚೀಲಕ್ಕೆ ಪೇಟೆಯಲ್ಲಿ ದನಿಯಿಲ್ಲ, ಸಾವಿರ ಚೀಲಕ್ಕೆ ದನಿಯಿದೆ ಎಂಬುದೇ ಅದರ ಮೂಲಮಂತ್ರ. ಹಳೆಯ ಫೋನಿಗೂ ಈ ಮಂತ್ರವೇ ಸಾಕು.

ಆದುದರಿಂದ ನಮ್ಮ ಸೂಚನೆ ಇದು. ಸಂಘವು ವರ್ಷಕ್ಕೆ ಎರಡು ದಿನ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ಕೊಯ್ಲು ಮುಗಿದ ಮೇಲೆ ಒಮ್ಮೆ, ನೋಂದಾಯಿತ ಮರುಬಳಕೆದಾರರನ್ನು ಸಂಘದ ಆವರಣಕ್ಕೆ ಕರೆಸಲಿ. ಕರೆಸುವ ಮುನ್ನ ಅವರ ನೋಂದಣಿಯನ್ನು ಮಂಡಳಿಯ ಪಟ್ಟಿಯೊಡನೆ ತಾಳೆ ನೋಡಲಿ. ಫೋನು ಕೊಟ್ಟ ಪ್ರತಿಯೊಬ್ಬರಿಗೂ ಐಎಂಇಐ ನಮೂದಿಸಿದ ರಶೀದಿ ಕೊಡಿಸಲಿ. ಫೋನು ಅಳಿಸಲು ಬಾರದ ಹಿರಿಯರಿಗೆ ಸಹಾಯಮಾಡಲು ಸದಸ್ಯರ ಮನೆಯ ಓದಿದ ಹುಡುಗ ಹುಡುಗಿಯರು ಒಂದು ಮೇಜು ಹಾಕಿ ಕೂರಲಿ. ಗುಪ್ತಪದವನ್ನು ಮಾತ್ರ ಸದಸ್ಯರು ತಮ್ಮ ಕೈಯಿಂದಲೇ ಒತ್ತಲಿ.

ಕೆಲವು ಆಕ್ಷೇಪಣೆಗಳು

ಸಂಘದ ಕೆಲಸ ಅಡಿಕೆ, ಕಾಫಿ ನೋಡುವುದು, ಇದೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ದರದ ವಿವರ, ಪಾವತಿಯ ಸಂದೇಶ, ಸಭೆಯ ಸೂಚನೆ ಎಲ್ಲವನ್ನೂ ಇಂದು ಫೋನಿಗೇ ಕಳಿಸುತ್ತಿರುವುದು ಸಂಘ. ಫೋನಿಲ್ಲದೆ ಸದಸ್ಯರಿಗೆ ನಡೆಯದಂತಾದ ಮೇಲೆ ಆ ಫೋನಿನ ಕೊನೆಯ ದಾರಿಯನ್ನು ತೋರಿಸುವುದೂ ಸಂಘದ ಹೊಣೆಗೆ ಸೇರುತ್ತದೆ.

ಗುಜರಿಯವರಾದರೂ ಕೈಗೆ ಕಾಸು ಕೊಡುತ್ತಾರೆ, ಇಲ್ಲೇನು ಸಿಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ಸತ್ಯ ಹೇಳಬೇಕೆಂದರೆ ಕೆಟ್ಟ ಫೋನಿಗೆ ಹೆಚ್ಚೇನೂ ಸಿಗದು. ಸಂಸ್ಕರಣೆಗೆ ಖರ್ಚಿದೆ, ಲೋಹವೆಲ್ಲ ಲಾಭವಾಗಿ ಉಳಿಯುವುದಿಲ್ಲ. ತೂಕದ ಮೇಲೆ ಬಂದಷ್ಟು ಹಣವನ್ನು ಹಂಚಬೇಕೋ ಯಾವುದಾದರೂ ನಿಧಿಗೆ ಸೇರಿಸಬೇಕೋ ಎಂಬುದನ್ನು ಸಾಮಾನ್ಯ ಸಭೆ ನಿರ್ಧರಿಸಲಿ. ಸದಸ್ಯರಿಗೆ ಖಂಡಿತವಾಗಿ ಸಿಗುವುದು ಒಂದು ರಶೀದಿ ಮತ್ತು ನೆಮ್ಮದಿ. ಬಕೆಟ್ಟಿನಲ್ಲಿ ಇವೆರಡೂ ಇಲ್ಲ.

ಮೂರನೆಯ ಆಕ್ಷೇಪಣೆ ಬೆಂಕಿಯದು. ಅದು ನ್ಯಾಯವಾದದ್ದು. ನೂರಾರು ಹಳೆಯ ಬ್ಯಾಟರಿಗಳನ್ನು ಸಂಘದ ಗೋದಾಮಿನಲ್ಲಿ, ಸದಸ್ಯರ ವರ್ಷದ ದುಡಿಮೆಯ ಪಕ್ಕದಲ್ಲಿ, ಒಂದು ರಾತ್ರಿಯೂ ಇಡಲಾಗದು. ಆದುದರಿಂದಲೇ ಕಾಯಂ ಪೆಟ್ಟಿಗೆ ಬೇಡ, ಒಂದೇ ದಿನದ ಸಂಗ್ರಹ ಸಾಕು ಎನ್ನುತ್ತೇವೆ. ಬೆಳಿಗ್ಗೆ ಬಂದದ್ದು ಸಂಜೆಯೊಳಗೆ ಗಾಡಿಯೇರಿ ಹೋಗಬೇಕು. ಉಬ್ಬಿದವನ್ನು ಬೇರೆಯಾಗಿ ಮರಳಿನ ಡಬ್ಬದಲ್ಲಿ ಒಯ್ಯುವ ಏರ್ಪಾಡು ಘಟಕದವರದೇ ಇರಬೇಕು. ಅದಕ್ಕೆ ಒಪ್ಪದವರೊಡನೆ ಕರಾರು ಬೇಡ.

ಸದಸ್ಯರಲ್ಲಿ ಕೋರಿಕೆ

ಈ ವಿಷಯವನ್ನು ಮುಂದಿನ ಆಡಳಿತ ಮಂಡಳಿಯ ಸಭೆಯ ಮುಂದಿಡಬೇಕೆಂದಿದ್ದೇವೆ. ಅದಕ್ಕೆ ಮುಂಚೆ ಪ್ರತಿಯೊಬ್ಬ ಸದಸ್ಯರೂ ಮನೆಯ ಬೀರು, ಅಟ್ಟ, ಮೇಜಿನ ಖಾನೆಗಳನ್ನು ಒಮ್ಮೆ ನೋಡಿ, ನಡೆಯುವ ಫೋನೆಷ್ಟು, ನಡೆಯದ್ದೆಷ್ಟು, ಬ್ಯಾಟರಿ ಉಬ್ಬಿದ್ದೆಷ್ಟು ಎಂದು ಒಂದು ಚೀಟಿಯಲ್ಲಿ ಬರೆದು, ಮುಂದಿನ ಬಾರಿ ಮಾಲು ಹಾಕಲು ಬಂದಾಗ ಕಚೇರಿಯಲ್ಲಿ ಕೊಡಬೇಕಾಗಿ ಕೋರುತ್ತೇವೆ. ಸಂಖ್ಯೆ ಕೈಯಲ್ಲಿದ್ದರೆ ಘಟಕದವರೊಡನೆ ಮಾತನಾಡಲು ನಮಗೆ ಬಲ ಬರುತ್ತದೆ. ಅಲ್ಲಿಯವರೆಗೆ ಪಾತ್ರೆಯವರು ಬಾಗಿಲಿಗೆ ಬಂದರೆ ಹಳೆಯ ಕಬ್ಬಿಣ, ತಗಡು ಬೇಕಾದರೆ ಕೊಡಿ. ಫೋನನ್ನು ಮಾತ್ರ ಕೊಡಬೇಡಿ.

— ಕಾರ್ಯದರ್ಶಿ